ಕಿನೀಸಿಯಾಲಜಿಯಲ್ಲಿ ಸ್ನಾತಕೋತ್ತರ ಓದು ಮತ್ತು ಸಂಶೋಧನೆ: ಬೆಂಗಳೂರಿನ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿ ಓದಿ, ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರ ಕುತ್ತಿಗೆ ಮತ್ತು ಭುಜದ ದಣಿವಿನ ಮೇಲೆ ಸಂಶೋಧನೆ ಮಾಡಿದವಳು. ಪದವಿ ಮುಗಿಸಿ ಮುಂದೇನು ಎಂದು ಯೋಚಿಸುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ, ಏಕೆಂದರೆ ಅಲ್ಲಿಯೇ ವಿದ್ಯಾರ್ಥಿಗಳು ಎಡವುವುದನ್ನು ಕಂಡಿದ್ದೇನೆ.

ಕಿನೀಸಿಯಾಲಜಿ ಎಂದರೇನು? ಅದು ದೈಹಿಕ ಶಿಕ್ಷಣವೇ, ಫಿಸಿಯೋಥೆರಪಿಯೇ?

ಎರಡೂ ಅಲ್ಲ, ಆದರೆ ಎರಡರ ಬೇರೂ ಅದರಲ್ಲಿದೆ. ಮನುಷ್ಯನ ದೇಹ ಹೇಗೆ ಚಲಿಸುತ್ತದೆ, ಏಕೆ ಹಾಗೆಯೇ ಚಲಿಸುತ್ತದೆ ಎಂದು ಕೇಳುವ ವಿಜ್ಞಾನ ಅದು. ನಾನು ಕನ್ನಡದಲ್ಲಿ ದೇಹಚಲನ ವಿಜ್ಞಾನ ಎನ್ನುತ್ತೇನೆ. ಬರಿಯ ಚಲನಶಾಸ್ತ್ರ ಎಂದರೆ ಕೇಳಿದವರಿಗೆ ಪಿಯುಸಿಯ ಭೌತವಿಜ್ಞಾನ ನೆನಪಾಗುತ್ತದೆ.

ಮೆಜೆಸ್ಟಿಕ್‌ನಲ್ಲಿ ಕೈಚೀಲ ಹಿಡಿದ ಅಜ್ಜಿಯೊಬ್ಬರು ಬಸ್ಸಿನ ಎತ್ತರದ ಮೆಟ್ಟಿಲು ಹತ್ತುತ್ತಿದ್ದಾರೆ ಎಂದುಕೊಳ್ಳಿ. ಅವರ ಮಂಡಿಯ ಕೀಲಿನ ಮೇಲೆ ಬಿದ್ದ ಬಲವೆಷ್ಟು ಎಂದು ಬಯೋಮೆಕಾನಿಕ್ಸ್ ಓದಿದವರು ಕೇಳುತ್ತಾರೆ. ಹತ್ತಿದ ಮೇಲೆ ಏದುಸಿರು ಏಕೆ ಬಂತು ಎಂದು ವ್ಯಾಯಾಮ ಶರೀರಕ್ರಿಯಾ ವಿಜ್ಞಾನದವರು ಕೇಳುತ್ತಾರೆ. ಬಸ್ಸು ಅಲುಗಿದ ಕ್ಷಣದಲ್ಲಿ ಕಂಬ ಹಿಡಿಯಲು ಮೆದುಳು ಕೈಗೆ ಹೇಗೆ ಹೇಳಿತು ಎಂಬುದು ಚಲನ ನಿಯಂತ್ರಣದ ಪ್ರಶ್ನೆ. ಹೋದ ವರ್ಷ ಒಮ್ಮೆ ಬಿದ್ದ ಅಂಜಿಕೆ ಈ ವರ್ಷದ ಹೆಜ್ಜೆಯನ್ನು ಬದಲಿಸಿದೆಯೇ ಎಂಬುದು ಮನೋವಿಜ್ಞಾನದ ಪ್ರಶ್ನೆ. ಈ ನಾಲ್ವರೂ ಒಂದೇ ಅಜ್ಜಿಯನ್ನು ನೋಡುತ್ತಿದ್ದಾರೆ.

ಪ್ರಾಣಿಗಳ ಚಲನೆಯನ್ನು ಸನ್ನೆಕೋಲಿನ ಲೆಕ್ಕದಲ್ಲಿ ವಿವರಿಸಿದ ಇಟಲಿಯ ಬೊರೆಲ್ಲಿಯ ಕೃತಿ ಹೊರಬರತೊಡಗಿದ್ದು 1680ರಲ್ಲಿ. ಆದರೆ ವಿಶ್ವವಿದ್ಯಾಲಯಗಳಲ್ಲಿ ಇದು ಸ್ವತಂತ್ರ ಶಾಸ್ತ್ರವಾಗಿ ನಿಂತದ್ದು ತೀರ ಈಚೆಗೆ. ದೈಹಿಕ ಶಿಕ್ಷಣವನ್ನು ಒಂದು ಜ್ಞಾನಶಾಖೆಯಾಗಿ ಕಾಣಬೇಕೆಂದು ಅಮೆರಿಕದ ಫ್ರಾಂಕ್ಲಿನ್ ಹೆನ್ರಿ 1964ರಲ್ಲಿ ವಾದಿಸಿದರು. 1967ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ ಕಿನೀಸಿಯಾಲಜಿಗೆ ಪ್ರತ್ಯೇಕ ವಿಭಾಗವನ್ನೇ ತೆರೆಯಿತು.

ತೋಳನ್ನು ಒತ್ತಿ ನೋಡಿ ಅಲರ್ಜಿ ಹೇಳುವವರೂ ಕಿನೀಸಿಯಾಲಜಿ ಎನ್ನುತ್ತಾರಲ್ಲ?

ಅದು ಅಪ್ಲೈಡ್ ಕಿನೀಸಿಯಾಲಜಿ. 1964ರಲ್ಲಿ ಜಾರ್ಜ್ ಗುಡ್‌ಹಾರ್ಟ್ ಎಂಬ ಕೈರೋಪ್ರಾಕ್ಟರ್ (ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು) ಆರಂಭಿಸಿದ ಪದ್ಧತಿ. ಪರೀಕ್ಷಿಸುವವನಿಗೂ ಪರೀಕ್ಷೆಗೆ ಒಳಗಾಗುವವನಿಗೂ ಅಲರ್ಜಿಗೆ ಪರೀಕ್ಷಿಸುತ್ತಿರುವ ವಸ್ತು ಯಾವುದೆಂದು ತಿಳಿಸದೆ ಮಾಡಿದ ಪ್ರಯೋಗಗಳಲ್ಲಿ ಅದು ನಿಂತಿಲ್ಲ. ನಾವು ಓದುವ ಶಾಸ್ತ್ರಕ್ಕೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಆ ಹೆಸರಿನ ವಾರಾಂತ್ಯದ ಕೋರ್ಸಿಗೆ ಹಣ ಕಟ್ಟಬೇಡಿ.

ಬೆಂಗಳೂರಿನಲ್ಲಿ ಇದನ್ನು ಎಲ್ಲಿ ಓದಬಹುದು?

ಕಿನೀಸಿಯಾಲಜಿ ಎಂಬ ಫಲಕ ಹುಡುಕುತ್ತ ಹೊರಟರೆ ನಿರಾಶರಾಗುತ್ತೀರಿ. ನಮ್ಮಲ್ಲಿ ಈ ವಿದ್ಯೆ ಒಂದೇ ಸೂರಿನಡಿ ಇಲ್ಲ, ಹಲವು ಮನೆಗಳಲ್ಲಿ ಹಂಚಿಹೋಗಿದೆ.

ದೈಹಿಕ ಶಿಕ್ಷಣದ ದಾರಿ ಮೊದಲನೆಯದು. ಬಿಪಿಇಡಿ ಮುಗಿಸಿದವರಿಗೆ ಎರಡು ವರ್ಷದ ಎಂಪಿಇಡಿ, ಬಳಿಕ ಪಿಎಚ್‌ಡಿ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಈ ಓದಿದೆ. ಅದೇ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ಇರುವುದು ವಿದ್ಯಾರ್ಥಿಗಳ ಪುಣ್ಯ. ರಾಷ್ಟ್ರೀಯ ಹಾಕಿ ತಂಡಗಳ ಶಿಬಿರ ನಡೆಯುವುದು ಅಲ್ಲಿಯೇ.

ಎರಡನೆಯದು ಫಿಸಿಯೋಥೆರಪಿ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನಗರದ ಅನೇಕ ಕಾಲೇಜುಗಳು ಎರಡು ವರ್ಷದ ಎಂಪಿಟಿ (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ನಡೆಸುತ್ತವೆ. ಪ್ರಬಂಧ ಕಡ್ಡಾಯ, ಅದರ ಸಿನಾಪ್ಸಿಸನ್ನು (ಸಂಶೋಧನಾ ಯೋಜನೆಯ ರೂಪರೇಖೆಯನ್ನು) ಮೊದಲ ವರ್ಷದಲ್ಲೇ ಸಲ್ಲಿಸಬೇಕು. ಸೀಟು ಸಿಕ್ಕ ಮೇಲೆ ವಿಷಯ ಯೋಚಿಸೋಣ ಎಂದವರು ಸೀನಿಯರ್ ಒಬ್ಬರ ವಿಷಯವನ್ನೇ ವಯಸ್ಸಿನ ಗುಂಪು ಬದಲಿಸಿ ಬರೆದು ಮುಗಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮೂರನೆಯದು ಎಂಜಿನಿಯರಿಂಗ್ ಮತ್ತು ನರವಿಜ್ಞಾನದ ದಾರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಯೋಎಂಜಿನಿಯರಿಂಗ್, ನರವಿಜ್ಞಾನ, ಮೆಕ್ಯಾನಿಕಲ್, ವಿನ್ಯಾಸ ಮತ್ತು ಉತ್ಪಾದನೆ ಈ ವಿಭಾಗಗಳಲ್ಲೆಲ್ಲ ಚಲನೆಗೆ ಹತ್ತಿರದ ಕೆಲಸವಿದೆ. ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನಕ್ಕೆ ಒಂದು ಪೂರ್ಣ ವಿಭಾಗವೇ ಇದೆ. ಪಾರ್ಕಿನ್ಸನ್ ಅಥವಾ ಪಾರ್ಶ್ವವಾಯು ಆದವರ ನಡಿಗೆಯಲ್ಲಿ ಆಸಕ್ತಿಯಿದ್ದರೆ ಕಣ್ಣು ಅತ್ತ ಇರಲಿ. ದೇಹದ ಶಕ್ತಿವ್ಯಯ, ಪೋಷಣೆ, ಸ್ನಾಯುವಿನ ಪ್ರಮಾಣ ಇವುಗಳ ಬಗ್ಗೆ ಕೆಲಸ ಮಾಡಬೇಕೆಂದರೆ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳನ್ನು ಓದದೆ ಮುಂದೆ ಹೋಗಬೇಡಿ.

ಬೆಂಗಳೂರಿನ ಹೊರಗೂ ನೋಡಲು ಸಿದ್ಧರಿದ್ದರೆ ಮಣಿಪಾಲ, ಮೈಸೂರು, ಚೆನ್ನೈನ ಶ್ರೀ ರಾಮಚಂದ್ರ, ಗ್ವಾಲಿಯರ್‌ನ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಸಂಸ್ಥೆ ಪಟ್ಟಿಯಲ್ಲಿರಲಿ.

ಯಾವ ದಾರಿ ಒಳ್ಳೆಯದು?

ನಿಮ್ಮ ಪ್ರಶ್ನೆ ಎಲ್ಲಿಗೆ ಕರೆಯುತ್ತದೋ ಆ ದಾರಿ. ರೋಗಿಯನ್ನು ಮುಟ್ಟಿ ಚಿಕಿತ್ಸೆ ಕೊಡುವ ಆಸೆಯಿದ್ದರೆ ಫಿಸಿಯೋಥೆರಪಿ ಬಿಟ್ಟು ಬೇರೆ ದಾರಿ ಹಿಡಿಯಬೇಡಿ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಫಿಸಿಯೋಥೆರಪಿಯನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ 2013ರಿಂದ ನೋಂದಾಯಿತ ಕಿನೀಸಿಯಾಲಜಿಸ್ಟ್ ಎಂಬ ವೃತ್ತಿ ಇದೆ. ಆ ಪದನಾಮವನ್ನು ನಂಬಿ ಇಲ್ಲಿ ಕ್ಲಿನಿಕ್ ತೆರೆಯುವ ಯೋಚನೆ ಬೇಡ.

ಪಿಎಚ್‌ಡಿ ಪ್ರವೇಶದ ನಿಯಮಗಳೇನು?

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಮೀಸಲಾತಿ ವರ್ಗದವರಿಗೂ ಅಂಗವಿಕಲರಿಗೂ ಶೇ. 5ರ ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರೂ ಅರ್ಜಿ ಹಾಕಬಹುದು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಅವಧಿ. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇರುತ್ತದೆ. 2024ರ ಜೂನ್‌ನಿಂದ ನೆಟ್ (ರಾಷ್ಟ್ರೀಯ ಅರ್ಹತಾ) ಪರೀಕ್ಷೆಯ ಅಂಕವನ್ನೇ ಪ್ರವೇಶಕ್ಕೆ ಬಳಸುವ ವ್ಯವಸ್ಥೆ ಬಂದಿದೆ. ದೈಹಿಕ ಶಿಕ್ಷಣ ನೆಟ್‌ನ ವಿಷಯಗಳಲ್ಲಿ ಒಂದು. ಎಂಜಿನಿಯರಿಂಗ್ ಕಡೆಯಿಂದ ಬರುವವರಿಗೆ ಗೇಟ್ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ.

ಶಿಷ್ಯವೇತನ ಸಿಗುತ್ತದೆಯೇ?

ಜೆಆರ್‌ಎಫ್ (ಕಿರಿಯ ಸಂಶೋಧಕರ ಶಿಷ್ಯವೇತನ) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬೇರೆ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಜೆಆರ್‌ಎಫ್ ಇಲ್ಲದೆ, ಕ್ಲಿನಿಕ್ಕಿನಲ್ಲಿ ಸಂಜೆ ದುಡಿಯುತ್ತ ಪಿಎಚ್‌ಡಿ ಮಾಡಿದವರು ನನ್ನ ಗೆಳತಿಯರಲ್ಲಿ ಇದ್ದಾರೆ. ಆಗುತ್ತದೆ, ಆದರೆ ಐದಾರು ವರ್ಷ ಹಿಡಿಯುತ್ತದೆ. ಮನೆಯವರೊಡನೆ ಈ ಮಾತನ್ನು ಮೊದಲೇ ಆಡಿಕೊಳ್ಳಿ.

ಮಾರ್ಗದರ್ಶಕರನ್ನು ಹೇಗೆ ಹುಡುಕುವುದು?

ಅವರು ಹಿಂದಿನ ಐದು ವರ್ಷಗಳಲ್ಲಿ ಬರೆದ ಎರಡು ಪ್ರಬಂಧಗಳನ್ನು ಪೂರ್ತಿ ಓದಿ. ಸಾರಾಂಶ ಓದಿ ಪತ್ರ ಬರೆದರೆ ಮೊದಲ ಭೇಟಿಯಲ್ಲೇ ಗೊತ್ತಾಗಿಬಿಡುತ್ತದೆ. ಪತ್ರ ಒಂದು ಪುಟ ಮೀರದಿರಲಿ: ನಾನು ಯಾರು, ನಿಮ್ಮ ಯಾವ ಕೆಲಸ ನನ್ನನ್ನು ತಡೆದು ನಿಲ್ಲಿಸಿತು, ನನ್ನ ಪ್ರಶ್ನೆ ಏನು. ಮಾನ್ಯರೇ ಎಂದು ಆರಂಭಿಸಿ ಇಪ್ಪತ್ತು ಜನರಿಗೆ ಒಂದೇ ಪತ್ರ ಕಳಿಸಬೇಡಿ.

ಇನ್ನೊಂದು ಕೆಲಸ ಬಹಳ ಮುಖ್ಯ. ಅವರ ಈಗಿನ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು ಕಾಫಿ ಕುಡಿಯುತ್ತ ಕೇಳಿ: ಬರೆದುಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ತಿದ್ದಿ ವಾಪಸ್ ಬರುತ್ತದೆ? ಪ್ರಬಂಧದಲ್ಲಿ ಮೊದಲ ಹೆಸರು ಯಾರದು? ನನ್ನ ಪರಿಚಯದ ಹುಡುಗಿಯೊಬ್ಬಳ ಮಾಹಿತಿಯನ್ನೆಲ್ಲ ಒಬ್ಬ ಹಿರಿಯರು ತಮ್ಮ ಹೆಸರಿನಲ್ಲೇ ಪ್ರಕಟಿಸಿದರು. ಎರಡು ವರ್ಷದ ದುಡಿಮೆ ಹಾಗೆ ಹೋಯಿತು. ಈ ಪ್ರಶ್ನೆ ಕೇಳಲು ಸಂಕೋಚ ಬೇಡ.

ಸಂಶೋಧನೆಗೆ ಒಳ್ಳೆಯ ಪ್ರಶ್ನೆ ಎಲ್ಲಿಂದ ಬರುತ್ತದೆ?

ನೆಲದಿಂದ ಎನ್ನುತ್ತೇನೆ, ಅಕ್ಷರಶಃ ನೆಲದಿಂದಲೇ. ನಡೆಯುವಾಗ ಮಂಡಿ ಸುಮಾರು 60 ಡಿಗ್ರಿ ಮಡಚಿದರೆ ಸಾಕು. ಕುರ್ಚಿಯಲ್ಲಿ ಕೂರಲು 90 ಡಿಗ್ರಿ. ಕುಕ್ಕರುಗಾಲಿನಲ್ಲಿ ಕೂರಲು 130 ಡಿಗ್ರಿಗೂ ಹೆಚ್ಚು ಬೇಕು. ಪಠ್ಯಪುಸ್ತಕಗಳ ಬಹುಪಾಲು ಅಳತೆಗಳು ಕುರ್ಚಿಯ ಸಮಾಜಗಳಿಂದ ಬಂದವು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಊಟ ಮಾಡುವ, ಬಚ್ಚಲಲ್ಲಿ ಕೂತು ಬಟ್ಟೆ ಒಗೆಯುವ, ದೇವರ ಮನೆಯಲ್ಲಿ ಮಂಡಿಯೂರುವ ದೇಹಗಳ ಕಥೆ ಅವುಗಳಲ್ಲಿ ಕಡಿಮೆ.

ಒಂದು ಉದಾಹರಣೆ ಕೊಡುತ್ತೇನೆ. 51ರಿಂದ 80 ವರ್ಷದ 2,002 ಜನರ ಮೇಲೆ ನಡೆದು 2012ರಲ್ಲಿ ಹೊರಬಂದ ಬ್ರೆಜಿಲ್‌ನ ಅಧ್ಯಯನವೊಂದು, ನೆಲದ ಮೇಲೆ ಕುಳಿತು ಆಸರೆಯಿಲ್ಲದೆ ಏಳುವ ಸಾಮರ್ಥ್ಯಕ್ಕೆ ಹತ್ತರಲ್ಲಿ ಅಂಕ ಕೊಟ್ಟಿತು. ಅಂಕ ಕಡಿಮೆ ಇದ್ದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಾಗಿತ್ತು. ಹುಟ್ಟಿದಾಗಿನಿಂದ ನೆಲದಲ್ಲೇ ಕೂತೆದ್ದ ನಮ್ಮ ತಾಯಂದಿರಲ್ಲಿ ಆ ಅಂಕ ಅದೇ ಅರ್ಥವನ್ನು ಕೊಡುತ್ತದೆಯೇ? ಅವರಲ್ಲಿ ಆಯುಷ್ಯಕ್ಕಿಂತ ಅಭ್ಯಾಸವನ್ನು ಅದು ಅಳೆಯುತ್ತಿರಬಹುದಲ್ಲವೇ? ಡೈನಿಂಗ್ ಟೇಬಲ್ ಬಂದ ಮನೆಯ ಅಜ್ಜಿಗೂ ಇನ್ನೂ ಮಣೆಯ ಮೇಲೆ ಕೂರುವ ಅಜ್ಜಿಗೂ ವ್ಯತ್ಯಾಸವಿದೆಯೇ? ಇದರಲ್ಲಿ ಒಂದು ಪಿಎಚ್‌ಡಿ ಇದೆ.

ಇನ್ನೊಂದು. ವಿಶ್ರಾಂತಿಯಲ್ಲಿ ದೇಹ ಬಳಸುವ ಆಮ್ಲಜನಕವನ್ನು ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಎಂದು ಹಿಡಿದು, ಯಾವ ಕೆಲಸಕ್ಕೆ ಎಷ್ಟು ಶಕ್ತಿ ಬೇಕು ಎಂಬ ಪಟ್ಟಿಯ ಲೆಕ್ಕವನ್ನೆಲ್ಲ ಮಾಡುತ್ತೇವೆ. 2005ರ ಅಧ್ಯಯನವೊಂದರಲ್ಲಿ ನಿಜವಾಗಿ ಅಳೆದಾಗ ಸರಾಸರಿ ಸಿಕ್ಕಿದ್ದು 2.6. ಹಾಗಾದರೆ ಯಶವಂತಪುರದ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲಿಯ ದಿನದ ದುಡಿತವನ್ನು ಆ ಪಟ್ಟಿ ನೋಡಿ ಹೇಳುವುದು ಎಷ್ಟು ಸರಿ? ಬೆಳಗಿನ ಜಾವ ಉದ್ದದ ಪೊರಕೆ ಹಿಡಿಯುವ ಪೌರಕಾರ್ಮಿಕರ ಸೊಂಟ, ಅರಮಂಡಿಯಲ್ಲಿ ಗಂಟೆಗಟ್ಟಲೆ ನಿಲ್ಲುವ ಭರತನಾಟ್ಯದ ಹುಡುಗಿಯರ ಮಂಡಿ, ಆಟೋ ಚಾಲಕರ ಬೆನ್ನು, ಗರಡಿ ಮನೆಯ ಸಾಮು. ಈ ನಗರದಲ್ಲಿ ಇಷ್ಟೊಂದು ಬಗೆಯ ದೇಹಗಳು ದುಡಿಯುತ್ತಿರುವಾಗ ಮೂವತ್ತು ಕಾಲೇಜು ಹುಡುಗರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಮುಗಿಸುವುದು ನನಗೆ ನೋವಿನ ಸಂಗತಿ.

ಅಳತೆಯ ಬಗ್ಗೆ ಎಚ್ಚರ ಎಂದರೇನು?

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ ಸುದ್ದಿ ದೇಶವನ್ನೆಲ್ಲ ಸುತ್ತಿತು. ಭಾಗಿಸಿದರೆ 100 ಮೀಟರಿಗೆ 9.56 ಸೆಕೆಂಡು, ಉಸೇನ್ ಬೋಲ್ಟ್ ಅವರ 9.58ಕ್ಕಿಂತ ಕಡಿಮೆ. ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆಗೂ ಆಹ್ವಾನ ಹೋಯಿತು. ಆದರೆ ಭಾಗಾಕಾರ ಇಲ್ಲಿ ಸಲ್ಲದು. ಬೋಲ್ಟ್ ಅವರ ಸಮಯದಲ್ಲಿ ನಿಂತಲ್ಲಿಂದ ವೇಗ ಪಡೆಯುವ ಮೊದಲ ಮೀಟರುಗಳ ನಷ್ಟವೂ ಸೇರಿದೆ. ಉದ್ದದ ಓಟದ ಸರಾಸರಿಯಲ್ಲಿ ಅದು ಹಂಚಿಹೋಗುತ್ತದೆ. ಕಂಬಳದಲ್ಲಿ ಕೋಣಗಳು ಓಟಗಾರನನ್ನು ಎಳೆಯುತ್ತವೆ. ಇದರಿಂದ ಗೌಡರ ಸಾಧನೆ ಕಿರಿದಾಗುವುದಿಲ್ಲ. ಕೆಸರುನೀರಿನಲ್ಲಿ, ಎಳೆತಕ್ಕೆ ಸಿಕ್ಕ ದೇಹ ಅಷ್ಟು ವೇಗದಲ್ಲೂ ಮುಗ್ಗರಿಸದೆ ಹೆಜ್ಜೆ ಹೇಗೆ ಇಡುತ್ತದೆ? ಬೋಲ್ಟ್ ಹೋಲಿಕೆಗಿಂತ ಈ ಪ್ರಶ್ನೆ ಎಷ್ಟೋ ದೊಡ್ಡದು. ಅದನ್ನು ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ನನಗೆ ಬಹಳ ಆಸೆ.

ಲಕ್ಷಾಂತರ ರೂಪಾಯಿಯ ಉಪಕರಣ ಬೇಕೇ?

ಕೆಲವು ಪ್ರಶ್ನೆಗಳಿಗೆ ಬೇಕು. ಕೀಲಿನ ಮೇಲಿನ ಬಲ ತಿಳಿಯಲು ಹೆಜ್ಜೆಯ ಬಲ ಅಳೆಯಲು ನೆಲದಲ್ಲಿ ಹುದುಗಿಸಿದ ಫೋರ್ಸ್ ಪ್ಲೇಟ್, ಸುತ್ತಲೂ ಮೋಷನ್ ಕ್ಯಾಪ್ಚರ್ ಕ್ಯಾಮೆರಾಗಳು ಬೇಕಾಗುತ್ತವೆ. ಸ್ನಾಯುವಿನ ವಿದ್ಯುತ್ ಸಂಕೇತಕ್ಕೆ ಇಎಂಜಿ ಬೇಕು. ಆದರೆ ಕೀಲಿನ ಕೋನ, ಹೆಜ್ಜೆಯ ಉದ್ದ, ಏಳಲು ಹಿಡಿದ ಸಮಯ ಇವುಗಳಿಗೆ ಟ್ರೈಪಾಡ್ ಮೇಲಿಟ್ಟ ಮೊಬೈಲ್ ಮತ್ತು ವಿಡಿಯೋದಲ್ಲೇ ಅಳೆಯಲು ಬರುವ, ಉಚಿತವಾದ ಕಿನೋವಿಯ ತಂತ್ರಾಂಶ ಸಾಕು. ಸ್ಟ್ಯಾನ್‌ಫರ್ಡ್‌ನವರು ದೇಹದ ಚಲನೆಯನ್ನು ಗಣಕದಲ್ಲಿ ಅನುಕರಿಸಲು ರೂಪಿಸಿದ ಓಪನ್‌ಸಿಮ್ ಕೂಡ ಉಚಿತ. ಕ್ಯಾಮೆರಾ ಅಲುಗದಂತೆ, ಚಲನೆಯ ಸಮತಲಕ್ಕೆ ನೇರವಾಗಿ ನಿಲ್ಲಿಸುವುದು ತಂತ್ರಾಂಶಕ್ಕಿಂತ ಮುಖ್ಯ. ಒಂದು ಸಂಸ್ಥೆಯಲ್ಲಿ ಹೊಸ ಯಂತ್ರ ಪೆಟ್ಟಿಗೆಯಲ್ಲೇ ಕೂತು, ವಿದ್ಯಾರ್ಥಿಗಳು ಮುಟ್ಟದಂತೆ ಬೀಗ ಹಾಕಿದ್ದನ್ನೂ ಕಂಡಿದ್ದೇನೆ. ಯಂತ್ರ ಇದೆಯೇ ಎಂದಷ್ಟೇ ಕೇಳಬೇಡಿ, ವಿದ್ಯಾರ್ಥಿಯ ಕೈಗೆ ಸಿಗುತ್ತದೆಯೇ ಎಂದೂ ಕೇಳಿ.

ಸಂಶೋಧನೆಗೆ ನೀತಿ ಸಮಿತಿಯ (ಎಥಿಕ್ಸ್ ಕಮಿಟಿಯ) ಒಪ್ಪಿಗೆ ಬೇಕೇ?

ಮನುಷ್ಯರನ್ನು ಅಳೆಯುವ ಯಾವ ಅಧ್ಯಯನಕ್ಕೂ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ನಿಮ್ಮ ಮೇಜಿನ ಮೇಲಿರಲಿ. ವ್ಯಾಯಾಮ ಕೊಟ್ಟು ಪರಿಣಾಮ ಅಳೆಯುವ ಪ್ರಯೋಗವಾದರೆ, ಮೊದಲ ವ್ಯಕ್ತಿ ಸೇರುವ ಮೊದಲೇ ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ದಾಖಲಿಸಿ. ಆಮೇಲೆ ಮಾಡಿಸಲು ಆಗುವುದಿಲ್ಲ.

ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ಯಂತ್ರಾನುವಾದ ಮಾಡಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ದಯವಿಟ್ಟು ಮಾಡಬೇಡಿ. ಭಾಗವಹಿಸುವವರ ಓದು ಎಷ್ಟಿದೆಯೋ ಆ ಮಟ್ಟದ ಮಾತಿನಲ್ಲಿ ಬರೆದು, ಅವರಂತಹವರೇ ಐದು ಜನರಿಗೆ ಓದಿ ಹೇಳಿ, ಏನು ಅರ್ಥವಾಯಿತು ಎಂದು ಕೇಳಿ. ಮೇಲ್ವಿಚಾರಕರು ಕಳಿಸಿದರೆಂದು ಬಂದ ಕಾರ್ಮಿಕ ಮಹಿಳೆಗೆ, ಬೇಡವೆಂದರೆ ಕೆಲಸಕ್ಕೆ ತೊಂದರೆಯಿಲ್ಲ ಎಂಬುದು ನಿಮ್ಮ ಬಾಯಿಂದ, ಮೇಲ್ವಿಚಾರಕರು ಇಲ್ಲದ ಜಾಗದಲ್ಲಿ ಕೇಳಿಸಬೇಕು. ನನ್ನ ಅಧ್ಯಯನದಲ್ಲಿ ಹಾಗೆ ಹೇಳಿದ ಮೇಲೆ ಒಂಬತ್ತು ಜನ ಎದ್ದು ಹೋದರು. ಅವರ ಜಾಗ ತುಂಬಲು ಎರಡು ತಿಂಗಳು ಹಿಡಿಯಿತು. ಆದರೆ ಉಳಿದವರ ಮಾಹಿತಿಯನ್ನು ನಾನು ನಂಬಬಲ್ಲೆ.

ಪ್ರಶ್ನಾವಳಿಗಳನ್ನು ಕನ್ನಡಕ್ಕೆ ತರುವುದು ಹೇಗೆ?

ಇದಕ್ಕಾಗಿ ನಾನು ಒಂದು ವರ್ಷ ಕೊಟ್ಟಿದ್ದೇನೆ, ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ. ಸ್ವೀಡನ್ನಿನ ಗುನ್ನರ್ ಬೋರ್ಗ್ ರೂಪಿಸಿದ ಶ್ರಮದ ಅಳತೆಪಟ್ಟಿ 6ರಿಂದ 20ರವರೆಗೆ ಹೋಗುತ್ತದೆ. ಆರೋಗ್ಯವಂತ ಯುವಕರಲ್ಲಿ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೃದಯ ಬಡಿತಕ್ಕೆ ಹತ್ತಿರ ಬರಲೆಂದು ಆ ಅಂಕಿಗಳು. ಅದನ್ನು ತೋರಿಸಿ ಎಷ್ಟು ಆಯಾಸ ಎಂದು ಕೇಳಿದೆ. ಒಬ್ಬರು ಆಯಾಸ ಎಂದರೆ ತಲೆಸುತ್ತು ಎಂದುಕೊಂಡರು. ದಣಿವು ಎಂದಾಗ ಇಡೀ ದಿನದ ದುಡಿತವನ್ನು ಹೇಳಿದರು. ಸುಸ್ತು ಎಂದಾಗ ಜ್ವರ ಬಿಟ್ಟ ಮೇಲಿನ ನಿತ್ರಾಣ ನೆನಪಾಯಿತು. ಏದುಸಿರು ಉಸಿರಿಗೆ ಮಾತ್ರ. ಈ ಕ್ಷಣ ಈ ಕೆಲಸ ಎಷ್ಟು ಭಾರವಾಗಿದೆ ಎಂದು ಕೇಳಿದಾಗ ಮಾತ್ರ ನನಗೆ ಬೇಕಾದ ಉತ್ತರ ಬಂತು.

ನೋವಿಗಂತೂ ನಮ್ಮಲ್ಲಿ ಮಾತಿನ ಭಂಡಾರವೇ ಇದೆ. ಸೆಳೆತ, ಉರಿ, ಚುಚ್ಚು, ಜೋಮು, ಉಳುಕು, ಹಿಡಿದುಕೊಂಡಿದೆ, ಮರಗಟ್ಟಿದೆ, ಮಿಡಿಯುತ್ತದೆ. ಇವುಗಳಲ್ಲಿ ಕೆಲವು ನರದ ಕಡೆಗೆ, ಕೆಲವು ಸ್ನಾಯುವಿನ ಕಡೆಗೆ ಬೆರಳು ತೋರಿಸುತ್ತವೆ. ಎಲ್ಲವನ್ನೂ ನೋವು ಎಂಬ ಒಂದೇ ಚೀಲಕ್ಕೆ ತುಂಬಿದರೆ ಆ ಸೂಕ್ಷ್ಮ ಹೋಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನಿಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಬಳಿಕ ಜನರ ಎದುರು ಪರೀಕ್ಷಿಸಬೇಕು. ಮೂಲ ಲೇಖಕರ ಅನುಮತಿಯನ್ನೂ ಮರೆಯಬೇಡಿ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಕಲಬುರಗಿ, ಚಾಮರಾಜನಗರ, ಮಂಡ್ಯದಿಂದ ಬಂದವರು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಪರೀಕ್ಷಿಸುವಾಗ ಎಲ್ಲ ಕಡೆಯವರೂ ಇರಲಿ.

ಎಷ್ಟು ಗಣಿತ ಬೇಕು?

ಸದಿಶಗಳು, ತ್ರಿಕೋನಮಿತಿ, ಸ್ವಲ್ಪ ಕ್ಯಾಲ್ಕುಲಸ್, ಗಟ್ಟಿಯಾದ ಸಂಖ್ಯಾಶಾಸ್ತ್ರ. ಆರ್ ಅಥವಾ ಪೈಥಾನ್ ಎಂಬ ಗಣಕ ಭಾಷೆಗಳು, ಎರಡರಲ್ಲಿ ಒಂದನ್ನು ಪ್ರವೇಶಕ್ಕೆ ಮೊದಲೇ ಕಲಿಯಿರಿ. ಎಷ್ಟು ಜನ ಭಾಗವಹಿಸಬೇಕು ಎಂಬ ಲೆಕ್ಕವನ್ನು ಮಾಹಿತಿ ಸಂಗ್ರಹಕ್ಕೆ ಮೊದಲು ಮಾಡಿ. ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರ ಬಳಿ ಓಡಿದರೆ ಅವರೇನೂ ಮಾಡಲಾರರು.

ವಿದೇಶಕ್ಕೆ ಹೋಗಬೇಕೆಂದರೆ?

ಅಮೆರಿಕದಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಬೋಧನೆ ಅಥವಾ ಸಂಶೋಧನಾ ಸಹಾಯಕರ ಹುದ್ದೆಯ ಮೂಲಕ ಖರ್ಚು ನೀಗುತ್ತದೆ, ಸ್ನಾತಕೋತ್ತರಕ್ಕೆ ಹೆಚ್ಚಾಗಿ ಕೈಯಿಂದಲೇ ಕಟ್ಟಬೇಕು. ಅರ್ಜಿಯ ಕೊನೆಯ ದಿನ ಬಹಳ ಕಡೆ ಡಿಸೆಂಬರ್ ಮತ್ತು ಜನವರಿಯ ನಡುವೆ ಬರುವುದರಿಂದ ಪ್ರಾಧ್ಯಾಪಕರಿಗೆ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಬರೆಯಿರಿ. ಕೆನಡಾದಲ್ಲಿ ಪ್ರಬಂಧ ಬರೆಯುವ ಎಂಎಸ್‌ಸಿಗೆ ಮಾರ್ಗದರ್ಶಕರು ಮೊದಲೇ ಒಪ್ಪಿರಬೇಕಾಗುತ್ತದೆ. ಸಾಲ ಮಾಡುವ ಮುನ್ನ ಪ್ರಬಂಧ ಇರುವ ಕೋರ್ಸೋ ಇಲ್ಲದ್ದೋ ನೋಡಿ. ಪಿಎಚ್‌ಡಿ ಗುರಿಯಿದ್ದರೆ ಪ್ರಬಂಧ ಇರುವುದನ್ನೇ ಆರಿಸಿ.

ಓದಿದ ಮೇಲೆ ಕೆಲಸ?

ಕಾಲೇಜುಗಳಲ್ಲಿ ಬೋಧನೆ, ಆಸ್ಪತ್ರೆಗಳ ಪುನಶ್ಚೇತನ ವಿಭಾಗ, ಕಾರ್ಖಾನೆ ಮತ್ತು ಐಟಿ ಕಂಪನಿಗಳಲ್ಲಿ ಎರ್ಗೊನಾಮಿಕ್ಸ್ (ಕೆಲಸದ ಜಾಗವನ್ನು ದೇಹಕ್ಕೆ ಹೊಂದಿಸುವ ವಿದ್ಯೆ), ಧರಿಸುವ ಸಾಧನ ಮಾಡುವ ಕಂಪನಿಗಳು, ಕ್ರೀಡಾ ಕೇಂದ್ರಗಳು. ಕ್ರಿಕೆಟ್ ಮಂಡಳಿಯ ಹೊಸ ಉತ್ಕೃಷ್ಟತಾ ಕೇಂದ್ರ 2024ರಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಗಿದೆ, ಯಲಹಂಕದ ಕಡೆ ಪಡುಕೋಣೆ–ದ್ರಾವಿಡ್ ಕೇಂದ್ರವಿದೆ. ಆದರೆ ಅಂತಹ ಕಡೆ ಹುದ್ದೆಗಳು ಬೆರಳೆಣಿಕೆಯವು. ತಾರೆಯರ ಜೊತೆ ಕೆಲಸ ಮಾಡುವ ಕನಸೊಂದನ್ನೇ ನಂಬಿ ಸೇರಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾಗುತ್ತದೆಯೇ?

ಮೊದಲ ವರ್ಷ ಇಂಗ್ಲಿಷ್ ಪ್ರಬಂಧ ಓದುವುದು ನಿಧಾನವಾಗುತ್ತದೆ. ದಿನಕ್ಕೆ ಒಂದು ಪುಟ ಓದಿ, ಅದರ ತಿರುಳನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲಿ ಹೇಳಲು ಬಾರದಿದ್ದರೆ ಅದು ಇನ್ನೂ ಅರ್ಥವಾಗಿಲ್ಲ. ಭಾಗವಹಿಸುವವರ ಎದುರು ಕೂತಾಗ ನಿಮ್ಮ ಭಾಷೆಯೇ ನಿಮ್ಮ ದೊಡ್ಡ ಉಪಕರಣವಾಗುತ್ತದೆ.

ಈ ವಾರವೇ ಏನಾದರೂ ಆರಂಭಿಸಬೇಕು ಎಂದರೆ?

ಮನೆಯಲ್ಲಿ ತಾಯಿಯೋ ಅಜ್ಜಿಯೋ ಒಪ್ಪಿದರೆ, ಅವರು ನೆಲದಿಂದ ಏಳುವುದನ್ನು ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ. ಮೊಬೈಲ್ ಸೊಂಟದ ಎತ್ತರದಲ್ಲಿ ಅಲುಗದೆ ನಿಂತಿರಲಿ, ಸೀರೆಯ ನೆರಿಗೆ ಮಂಡಿಯನ್ನು ಮರೆಮಾಡದಂತೆ ಬಟ್ಟೆಯಿರಲಿ. ಕಿನೋವಿಯದಲ್ಲಿ ಒಂದೇ ಚೌಕಟ್ಟನ್ನು ನಿಲ್ಲಿಸಿ ಮಂಡಿಯ ಕೋನವನ್ನು ಹತ್ತು ಸಲ, ಹಿಂದಿನ ಉತ್ತರ ನೋಡದೆ ಅಳೆಯಿರಿ. ಹತ್ತು ಸಂಖ್ಯೆಗಳು ಒಂದೇ ಆಗಿರುವುದಿಲ್ಲ. ಮರುದಿನ ಇನ್ನೊಬ್ಬರ ಕೈಯಲ್ಲಿ ಅದೇ ಚೌಕಟ್ಟನ್ನು ಅಳೆಸಿ, ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಎಲ್ಲಿಂದ ಬಂತೆಂದು ಒಂದು ಪುಟ ಬರೆಯಿರಿ. ಮಾರ್ಗದರ್ಶಕರನ್ನು ಮೊದಲ ಸಲ ಭೇಟಿಯಾಗಲು ಹೋಗುವಾಗ ಆ ಪುಟ ನಿಮ್ಮ ಕೈಯಲ್ಲಿರಲಿ.